ಮೆಟ್‌ಫಾರ್ಮಿನ್ ಸಾಲದಾದಾಗ: ಮಧುಮೇಹದ ಎರಡನೇ ಔಷಧವನ್ನು ಆರಿಸುವ ಬಗೆ

ಮೆಟ್‌ಫಾರ್ಮಿನ್ ಮಾತ್ರೆಯನ್ನು ಪೂರ್ಣ ಪ್ರಮಾಣದಲ್ಲಿ ತೆಗೆದುಕೊಂಡು, ಊಟದಲ್ಲೂ ನಡಿಗೆಯಲ್ಲೂ ಕೈಲಾದಷ್ಟು ಶಿಸ್ತನ್ನು ಪಾಲಿಸಿದ ಮೇಲೂ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) ಶೇಕಡಾ 8ರ ಆಸುಪಾಸಿನಲ್ಲೇ ನಿಂತಿದ್ದರೆ, ಟೈಪ್ 2 ಮಧುಮೇಹದ ಚಿಕಿತ್ಸೆ ಒಂದು ಕವಲುದಾರಿಗೆ ಬಂದಿದೆ ಎಂದೇ ಅರ್ಥ. ಮುಂದೆ ಸೇರಿಸಬಹುದಾದ ಔಷಧಗಳಲ್ಲಿ ಮುಖ್ಯವಾಗಿ ಆರು ಗುಂಪುಗಳಿವೆ: ಸಲ್ಫೊನಿಲ್‌ಯೂರಿಯಾ, ಡಿಪಿಪಿ-4 ಪ್ರತಿಬಂಧಕಗಳು, ಎಸ್‌ಜಿಎಲ್‌ಟಿ-2 ಪ್ರತಿಬಂಧಕಗಳು, ಜಿಎಲ್‌ಪಿ-1 ಗುಂಪಿನ ಔಷಧಗಳು, ಪಯೋಗ್ಲಿಟಜೋನ್ ಮತ್ತು ಇನ್ಸುಲಿನ್. ಇವುಗಳಲ್ಲಿ ಸಕ್ಕರೆಯನ್ನು ಹೆಚ್ಚು ಇಳಿಸುವುದು ಯಾವುದು ಎಂಬುದೇ ಸಾಮಾನ್ಯವಾಗಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಆ ಪ್ರಶ್ನೆ ಮೂರನೆಯದೋ ನಾಲ್ಕನೆಯದೋ ಆಗಿ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ರೋಗಿಯ ಹೃದಯ ಹೇಗಿದೆ, ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ, ಸಕ್ಕರೆ ಹಠಾತ್ತನೆ ಕುಸಿದರೆ ಆತನಿಗೆ ಆಗಬಹುದಾದ ಅಪಾಯ ಎಷ್ಟು ಎಂಬುದು ತಿಳಿದ ಮೇಲೆ ಆಯ್ಕೆಯ ಅರ್ಧ ಭಾಗ ತಾನಾಗಿಯೇ ಬಗೆಹರಿಯುತ್ತದೆ.

ಆಯ್ಕೆಗೆ ಮೊದಲು ಕಾಯಿಲೆ ಯಾವುದೆಂಬುದು ಖಚಿತವಾಗಲಿ

ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ತೀರ್ಮಾನಿಸುವ ಮೊದಲು, ಅದನ್ನು ನಿಜವಾಗಿ ನಿತ್ಯವೂ ನುಂಗಲಾಗುತ್ತಿದೆಯೇ ಎಂದು ವಿಚಾರಿಸಬೇಕು. ಮೆಟ್‌ಫಾರ್ಮಿನ್‌ನಿಂದ ಹೊಟ್ಟೆ ಕೆಡುತ್ತದೆಂದು ಎರಡು ಹೊತ್ತಿನ ಮಾತ್ರೆಯನ್ನು ಒಂದಕ್ಕಿಳಿಸಿಕೊಂಡು ವೈದ್ಯರಿಗೆ ಹೇಳದೆ ಉಳಿದವರು ಬಹಳ ಮಂದಿ ಇದ್ದಾರೆ. ಅವರಿಗೆ ಬೇಕಾಗಿರುವುದು ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಅದೇ ಮಾತ್ರೆ. ಎಚ್‌ಬಿಎ1ಸಿ ಅಂಕಿಯೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಅದು ಇರುವುದಕ್ಕಿಂತ ಹೆಚ್ಚಾಗಿಯೂ, ಕೆಂಪು ರಕ್ತಕಣಗಳು ಬೇಗ ನಾಶವಾಗುವ ಕಾಯಿಲೆಗಳಲ್ಲಿ ಕಡಿಮೆಯಾಗಿಯೂ ಕಾಣಿಸಬಹುದು.

ಇನ್ನೊಂದು ಸಂಗತಿಯನ್ನು ನಾನು ಒತ್ತಿ ಹೇಳಬಯಸುತ್ತೇನೆ, ಏಕೆಂದರೆ ಇಲ್ಲಿ ತಪ್ಪಿದರೆ ಮುಂದಿನ ಹೋಲಿಕೆಯೆಲ್ಲ ವ್ಯರ್ಥ. ಸಕ್ಕರೆ ಏರಿಸುವ ಎಲ್ಲ ಕಾಯಿಲೆಯೂ ಟೈಪ್ 2 ಮಧುಮೇಹವಲ್ಲ. ತೆಳ್ಳಗಿರುವ ವಯಸ್ಕರೊಬ್ಬರು ಇನ್ನಷ್ಟು ಇಳಿದುಹೋಗುತ್ತ, ಒಂದೆರಡು ವರ್ಷದೊಳಗೇ ಮಾತ್ರೆಗಳಿಗೆ ಬಗ್ಗದಂತಾದರೆ, ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಿಧಾನವಾಗಿ ನಾಶಮಾಡುತ್ತಿರಬಹುದು. ಈ ದಾಳಿಯ ಗುರುತಾದ ಗ್ಯಾಡ್ ಪ್ರತಿಕಾಯದ ಪರೀಕ್ಷೆ ಮತ್ತು ದೇಹ ತಾನೇ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂದು ತಿಳಿಸುವ ಸಿ-ಪೆಪ್ಟೈಡ್ ಮಟ್ಟ ಅದನ್ನು ತೋರಿಸಿಕೊಡುತ್ತವೆ. ಅಂಥವರಿಗೆ ಇನ್ಸುಲಿನ್ ತಪ್ಪಿಸಲಾಗದು, ಎಸ್‌ಜಿಎಲ್‌ಟಿ-2 ಮಾತ್ರೆ ಅಪಾಯಕಾರಿ. ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು, ಸಣ್ಣ ಪೆಟ್ಟಿಗೂ ಚರ್ಮ ಕಂದುಗಟ್ಟುವುದು, ಕುಳಿತಲ್ಲಿಂದ ಏಳಲು ತೊಡೆಯಲ್ಲಿ ಬಲವಿಲ್ಲದಿರುವುದು, ಇವು ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ಕಾಯಿಲೆಯ ಸುಳಿವುಗಳು. ಉಂಗುರ ಬಿಗಿಯಾಗುತ್ತ, ಚಪ್ಪಲಿಯ ಅಳತೆ ದೊಡ್ಡದಾಗುತ್ತ ಬಂದರೆ ಬೆಳವಣಿಗೆಯ ಹಾರ್ಮೋನ್ ಹೆಚ್ಚಾಗುವ ಆಕ್ರೋಮೆಗಲಿಯನ್ನು ನೆನೆಯಬೇಕು. ಥೈರಾಯ್ಡ್ ಅತಿಯಾಗಿ ಸ್ರವಿಸಿದರೂ ಸಕ್ಕರೆ ಏರುತ್ತದೆ. ಕೀಲುನೋವಿಗೋ ಉಬ್ಬಸಕ್ಕೋ ನುಂಗುತ್ತಿರುವ ಸ್ಟೆರಾಯ್ಡ್ ಮಾತ್ರೆಯೂ ಇದನ್ನೇ ಮಾಡುತ್ತದೆ. ಮೂಲಕ್ಕೆ ಚಿಕಿತ್ಸೆ ಸಿಗದೆ ಮಧುಮೇಹದ ಮಾತ್ರೆಗಳನ್ನು ಒಂದರ ಮೇಲೊಂದು ಸೇರಿಸುತ್ತ ಹೋದರೆ ರೋಗಿ ವರ್ಷಗಳನ್ನು ಕಳೆದುಕೊಳ್ಳುತ್ತಾನೆ.

ಸಂಶೋಧನೆಯ ಫಲಿತಾಂಶಕ್ಕೆ ಕೇಳಬೇಕಾದ ಪ್ರಶ್ನೆಗಳು

ಈ ಔಷಧಗಳ ಬಗ್ಗೆ ನಮಗಿರುವ ಜ್ಞಾನವೆಲ್ಲ ದೊಡ್ಡ ಚಿಕಿತ್ಸಾ ಪ್ರಯೋಗಗಳಿಂದ ಬಂದದ್ದು. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನವು ಸಕ್ಕರೆಯ ನಿಯಂತ್ರಣದಿಂದ ಕಣ್ಣು ಮತ್ತು ಮೂತ್ರಪಿಂಡದ ಹಾನಿ ತಗ್ಗುತ್ತದೆಂದು ತೋರಿಸಿತು. ತೂಕ ಹೆಚ್ಚಿದ್ದವರಲ್ಲಿ ಮೆಟ್‌ಫಾರ್ಮಿನ್ ಸಾವುಗಳನ್ನೂ ಕಡಿಮೆ ಮಾಡಿತು. ಮೆಟ್‌ಫಾರ್ಮಿನ್‌ಗೆ ಮೊದಲ ಸ್ಥಾನ ದೊರೆತದ್ದು ಮುಖ್ಯವಾಗಿ ಅದರ ಬಲದಿಂದ. ಆದರೆ ಸಕ್ಕರೆಯ ಅಂಕಿಯೊಂದನ್ನೇ ಗುರಿಯಾಗಿಟ್ಟುಕೊಂಡರೆ ಏನಾಗಬಹುದು ಎಂಬುದನ್ನು 2008ರ ಅಕಾರ್ಡ್ ಅಧ್ಯಯನ ತೋರಿಸಿತು. ಹೃದಯದ ಅಪಾಯ ಹೆಚ್ಚಿದ್ದ 10,251 ರೋಗಿಗಳಲ್ಲಿ ಒಂದು ಗುಂಪಿನವರ ಎಚ್‌ಬಿಎ1ಸಿಯನ್ನು ಶೇಕಡಾ 6ಕ್ಕಿಂತ ಕೆಳಗಿಳಿಸಲು ತೀವ್ರ ಚಿಕಿತ್ಸೆ ಕೊಟ್ಟಾಗ, ಆ ಗುಂಪಿನಲ್ಲಿ 257 ಮಂದಿಯೂ ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ 203 ಮಂದಿಯೂ ತೀರಿಕೊಂಡರು. ತೀವ್ರ ಚಿಕಿತ್ಸೆಯನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು.

ಅದಕ್ಕೆ ಒಂದು ವರ್ಷ ಮೊದಲು, 2007ರಲ್ಲಿ, ರೋಸಿಗ್ಲಿಟಜೋನ್ ಎಂಬ ಮಾತ್ರೆ ಸಕ್ಕರೆಯನ್ನು ಚೆನ್ನಾಗಿ ಇಳಿಸಿದರೂ ಹೃದಯಾಘಾತವನ್ನು ಹೆಚ್ಚಿಸುತ್ತಿರಬಹುದೆಂಬ ವಿಶ್ಲೇಷಣೆ ಹೊರಬಿದ್ದಿತ್ತು. ಮರುವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು, ಮಧುಮೇಹದ ಪ್ರತಿಯೊಂದು ಹೊಸ ಔಷಧವೂ ಹೃದಯಕ್ಕೆ ಹಾನಿಕರವಲ್ಲವೆಂದು ತೋರಿಸಿಕೊಡಬೇಕೆಂದು ಸೂಚಿಸಿತು. ಕೇವಲ ನಿರುಪದ್ರವವೆಂದು ಸಾಬೀತುಪಡಿಸಲು ಹೊರಟ ಆ ಪ್ರಯೋಗಗಳಲ್ಲೇ ಕೆಲವು ಔಷಧಗಳು ಹೃದಯವನ್ನು ಕಾಪಾಡುತ್ತವೆಂದು ತಿಳಿದುಬಂದದ್ದು ಈ ಕ್ಷೇತ್ರದ ಇತ್ತೀಚಿನ ಅತ್ಯಂತ ದೊಡ್ಡ ಭಾಗ್ಯ.

ಇಂಥ ಫಲಿತಾಂಶ ಕೈಗೆ ಬಂದಾಗ ಯಾರ ಮೇಲೆ ಪ್ರಯೋಗಿಸಿದರು, ಯಾವುದರ ಜೊತೆ ಹೋಲಿಸಿದರು, ಏನನ್ನು ಅಳೆದರು ಎಂದು ಕೇಳಬೇಕು. ಉದಾಹರಣೆಗೆ 2015ರ ಎಂಪಾ-ರೆಗ್ ಅಧ್ಯಯನದಲ್ಲಿ ಎಂಪಾಗ್ಲಿಫ್ಲೋಜಿನ್ ಹೃದಯ ಸಂಬಂಧಿ ಸಾವನ್ನು ಶೇಕಡಾ 38ರಷ್ಟು ತಗ್ಗಿಸಿತು ಎಂದು ಓದುತ್ತೇವೆ. ಅದರ ಒಳಗಿನ ಲೆಕ್ಕ ಹೀಗಿದೆ: ಸುಮಾರು 3 ವರ್ಷಗಳಲ್ಲಿ ಔಷಧವಿಲ್ಲದ ತೋರಿಕೆಯ ಮಾತ್ರೆ ಪಡೆದವರಲ್ಲಿ ಶೇಕಡಾ 5.9ರಷ್ಟು ಮಂದಿ ಹೃದಯ ಸಂಬಂಧಿ ಕಾರಣದಿಂದ ತೀರಿಕೊಂಡರೆ, ಔಷಧ ಪಡೆದವರಲ್ಲಿ ಅದು ಶೇಕಡಾ 3.7 ಆಗಿತ್ತು. ಅಂದರೆ ನೂರು ಜನರಲ್ಲಿ ಸುಮಾರು ಇಬ್ಬರ ಪ್ರಾಣ ಹೆಚ್ಚುವರಿಯಾಗಿ ಉಳಿಯಿತು. ಇದು ಸಣ್ಣ ಲಾಭವೇನೂ ಅಲ್ಲ. ಆದರೆ ಭಾಗವಹಿಸಿದ್ದ 7,020 ಮಂದಿಗೂ ಆಗಲೇ ಹೃದಯದ ಅಥವಾ ರಕ್ತನಾಳದ ಕಾಯಿಲೆ ಇತ್ತು ಎಂಬುದನ್ನು ಮರೆಯಬಾರದು. ಹೃದಯ ಗಟ್ಟಿಯಾಗಿರುವ ನಲವತ್ತರ ಪ್ರಾಯದವರಿಗೆ ಇದೇ ಪ್ರಮಾಣದ ಲಾಭವನ್ನು ಭರವಸೆ ಕೊಡಲಾಗದು.

ಎಸ್‌ಜಿಎಲ್‌ಟಿ-2 ಪ್ರತಿಬಂಧಕಗಳು: ಹೃದಯ ವೈಫಲ್ಯ ಮತ್ತು ಮೂತ್ರಪಿಂಡಕ್ಕೆ ಮೊದಲ ಆಯ್ಕೆ

ಎಂಪಾಗ್ಲಿಫ್ಲೋಜಿನ್, ಡಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್ ಈ ಗುಂಪಿನವು. ಮೂತ್ರಪಿಂಡವು ಸೋಸಿದ ಸಕ್ಕರೆಯನ್ನು ಮರಳಿ ರಕ್ತಕ್ಕೆ ಹೀರಿಕೊಳ್ಳದಂತೆ ಇವು ತಡೆಯುತ್ತವೆ. ಸಕ್ಕರೆ ಮೂತ್ರದ ಜೊತೆ ಹೊರಹೋಗುತ್ತದೆ. ಎಚ್‌ಬಿಎ1ಸಿ ಇಳಿಯುವುದು ಸಾಧಾರಣವಾಗಿ 0.5ರಿಂದ 1 ಶೇಕಡಾ ಅಂಶದಷ್ಟು ಮಾತ್ರ. ತೂಕ ಎರಡು ಮೂರು ಕಿಲೋ ತಗ್ಗುತ್ತದೆ, ರಕ್ತದೊತ್ತಡವೂ ಸ್ವಲ್ಪ ಇಳಿಯುತ್ತದೆ. ಇದರ ನಿಜವಾದ ಮೌಲ್ಯ ಇರುವುದು ಬೇರೆ ಕಡೆ. 2019ರ ಡಪಾ-ಎಚ್ಎಫ್ ಅಧ್ಯಯನದಲ್ಲಿ ಹೃದಯದ ಪಂಪು ಮಾಡುವ ಶಕ್ತಿ ಕುಂದಿದ್ದ 4,744 ಮಂದಿಗೆ ಡಪಾಗ್ಲಿಫ್ಲೋಜಿನ್ ಪ್ರಯೋಜನ ಕೊಟ್ಟಿತು, ಅದೂ ಮಧುಮೇಹವಿಲ್ಲದವರಿಗೂ ಸಹ. ಅದೇ ವರ್ಷ ಕ್ರೆಡೆನ್ಸ್ ಅಧ್ಯಯನವು ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದ್ದ ಮಧುಮೇಹಿಗಳಲ್ಲಿ ಕೆನಾಗ್ಲಿಫ್ಲೋಜಿನ್ ಮೂತ್ರಪಿಂಡದ ಹಾನಿಯನ್ನು ಸುಮಾರು ಶೇಕಡಾ 30ರಷ್ಟು ತಗ್ಗಿಸಿದ್ದನ್ನು ಕಂಡು ಅವಧಿಗೆ ಮೊದಲೇ ಮುಗಿಯಿತು. ಸೋಸುವಿಕೆಯ ಪ್ರಮಾಣ ಕಡಿಮೆಯಾದಂತೆ ಈ ಮಾತ್ರೆಗಳ ಸಕ್ಕರೆ ಇಳಿಸುವ ಶಕ್ತಿ ಕುಗ್ಗುತ್ತದೆ. ಆದರೆ ಮೂತ್ರಪಿಂಡವನ್ನು ಕಾಪಾಡುವ ಗುಣ ಉಳಿಯುತ್ತದೆ. ಆದ್ದರಿಂದ ಇಜಿಎಫ್‌ಆರ್ (ಮೂತ್ರಪಿಂಡ ರಕ್ತವನ್ನು ಸೋಸುವ ಅಂದಾಜು ಪ್ರಮಾಣ) 20ರವರೆಗೆ ಇಳಿದಿದ್ದರೂ ಇವನ್ನು ಆರಂಭಿಸಬಹುದೆಂದು ಈಗಿನ ಮಾರ್ಗಸೂಚಿಗಳು ಹೇಳುತ್ತವೆ. ಆರಂಭದ ಕೆಲವು ವಾರಗಳಲ್ಲಿ ಇಜಿಎಫ್‌ಆರ್ ಸ್ವಲ್ಪ ಇಳಿಯುವುದು ನಿರೀಕ್ಷಿತವೇ. ಅದನ್ನು ಕಂಡು ಗಾಬರಿಯಿಂದ ಮಾತ್ರೆ ನಿಲ್ಲಿಸಿದರೆ ಮುಂದಿನ ವರ್ಷಗಳ ರಕ್ಷಣೆ ತಪ್ಪಿಹೋಗುತ್ತದೆ.

ತೊಂದರೆಗಳಲ್ಲಿ ಸಾಮಾನ್ಯವಾದದ್ದು ಜನನಾಂಗದ ಶಿಲೀಂಧ್ರ ಸೋಂಕು, ಹೆಂಗಸರಲ್ಲಿ ಹೆಚ್ಚು. ಚೀಟಿ ಬರೆಯುವಾಗಲೇ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಮೂತ್ರ ಮಾಡಿದ ಬಳಿಕ ನೀರಿನಿಂದ ತೊಳೆದು ಒಣಗಿಸಿಕೊಳ್ಳುವ ಅಭ್ಯಾಸ ಕಲಿಸಿದರೆ ಬಹುಪಾಲು ಮಂದಿಗೆ ಸೋಂಕು ಬರುವುದಿಲ್ಲ. ಬಂದರೂ ಸುಲಭವಾಗಿ ಗುಣವಾಗುತ್ತದೆ. ಅಪರೂಪವಾದರೂ ಪ್ರಾಣಕ್ಕೆ ಬರಬಹುದಾದದ್ದು ಕೀಟೋಆಸಿಡೋಸಿಸ್, ಅಂದರೆ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬಿಕೊಳ್ಳುವುದು. ಶಸ್ತ್ರಚಿಕಿತ್ಸೆಗೆಂದು ಉಪವಾಸವಿರುವ ರೋಗಿಯೊಬ್ಬರನ್ನು ಊಹಿಸಿಕೊಳ್ಳಿ: ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು, ಆದರೆ ಗ್ಲುಕೋಮೀಟರ್ ತೋರಿಸುವುದು 170 (ಡೆಸಿಲೀಟರ್ ರಕ್ತದಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ). ಇಷ್ಟು ಕಡಿಮೆ ಸಕ್ಕರೆಯಲ್ಲಿ ಕೀಟೋಆಸಿಡೋಸಿಸ್ ಇರಲಾರದೆಂದು ಎಲ್ಲರೂ ಸುಮ್ಮನಾಗುತ್ತಾರೆ. ಈ ಗುಂಪಿನ ಮಾತ್ರೆ ನುಂಗುವವರಲ್ಲಿ ಅದು ಇರಬಲ್ಲದು, ಸಕ್ಕರೆಯ ಅಂಕಿ ಅದನ್ನು ಮರೆಮಾಚಬಲ್ಲದು. ರಕ್ತದ ಕೀಟೋನ್ ಅಳೆದರೆ ಮಾತ್ರ ನಿಜ ತಿಳಿಯುತ್ತದೆ. ಆದ್ದರಿಂದ ಮುಂಚಿತವಾಗಿ ಗೊತ್ತಾದ ಶಸ್ತ್ರಚಿಕಿತ್ಸೆಗೆ ಕನಿಷ್ಠ 3 ದಿನ ಮೊದಲೇ ಮಾತ್ರೆಯನ್ನು ನಿಲ್ಲಿಸಬೇಕು. ವಾಂತಿ, ಭೇದಿ, ಊಟ ಸೇರದ ಜ್ವರ ಬಂದಾಗಲೂ ಇದೇ ನಿಯಮ.

ಜಿಎಲ್‌ಪಿ-1 ಔಷಧಗಳು: ರಕ್ತನಾಳ ಮತ್ತು ತೂಕ

ಲಿರಾಗ್ಲುಟೈಡ್, ಡುಲಾಗ್ಲುಟೈಡ್, ಸೆಮಾಗ್ಲುಟೈಡ್ ಜಿಎಲ್‌ಪಿ-1 ಎಂಬ ಕರುಳಿನ ಹಾರ್ಮೋನಿನ ಕೆಲಸವನ್ನು ಅನುಕರಿಸುತ್ತವೆ. ಊಟದ ನಂತರ ಇನ್ಸುಲಿನ್ ಹೆಚ್ಚಿಸುತ್ತವೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸುತ್ತವೆ, ಹಸಿವನ್ನು ತಗ್ಗಿಸುತ್ತವೆ. ಎಚ್‌ಬಿಎ1ಸಿಯನ್ನು 1ರಿಂದ 1.5 ಅಂಶ, ಕೆಲವೊಮ್ಮೆ ಇನ್ನೂ ಹೆಚ್ಚು ಇಳಿಸುತ್ತವೆ. 9,340 ಮಂದಿ ಭಾಗವಹಿಸಿದ್ದ 2016ರ ಲೀಡರ್ ಅಧ್ಯಯನದಲ್ಲಿ ಹೃದಯ ಸಂಬಂಧಿ ಸಾವು, ಹೃದಯಾಘಾತ ಅಥವಾ ಪಾರ್ಶ್ವವಾಯು ತೋರಿಕೆಯ ಔಷಧ ಪಡೆದವರಲ್ಲಿ ಶೇಕಡಾ 14.9ರಷ್ಟೂ ಲಿರಾಗ್ಲುಟೈಡ್ ಪಡೆದವರಲ್ಲಿ ಶೇಕಡಾ 13ರಷ್ಟೂ ಆಯಿತು. 2024ರ ಫ್ಲೋ ಅಧ್ಯಯನದ ಬಳಿಕ ಸೆಮಾಗ್ಲುಟೈಡ್ ಮೂತ್ರಪಿಂಡವನ್ನೂ ಕಾಪಾಡುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿದೆ.

ಓಕರಿಕೆ ಇದರ ಮುಖ್ಯ ತಡೆ. ಅದಕ್ಕಾಗಿಯೇ ವಾರದ ಸೆಮಾಗ್ಲುಟೈಡ್ ಚುಚ್ಚುಮದ್ದನ್ನು 0.25 ಮಿಲಿಗ್ರಾಂನಿಂದ ಆರಂಭಿಸಿ 4 ವಾರಗಳ ನಂತರ 0.5ಕ್ಕೆ ಏರಿಸುತ್ತಾರೆ. ಆರಂಭದ ಪ್ರಮಾಣ ದೇಹವನ್ನು ಒಗ್ಗಿಸಲು ಮಾತ್ರ ಇರುವುದರಿಂದ ಮೊದಲ ತಿಂಗಳಲ್ಲಿ ಸಕ್ಕರೆ ಇಳಿಯಲಿಲ್ಲವೆಂದು ನಿರಾಶರಾಗಬೇಕಿಲ್ಲ. ತುತ್ತು ಸಣ್ಣದಿರಲಿ, ಹೊಟ್ಟೆ ತುಂಬಿತೆನ್ನಿಸಿದ ಕ್ಷಣ ಊಟ ನಿಲ್ಲಿಸಲಿ, ಎಣ್ಣೆಯ ಪದಾರ್ಥ ಕಡಿಮೆಯಾಗಲಿ. ಈ ಸಲಹೆ ಪಾಲಿಸಿದವರಲ್ಲಿ ಹೆಚ್ಚಿನವರಿಗೆ ಓಕರಿಕೆ ಸಹಿಸುವಷ್ಟಾಗುತ್ತದೆ. ನುಂಗುವ ಬಗೆಯ ಸೆಮಾಗ್ಲುಟೈಡ್ ಕೂಡ ಇದೆ. ಅದನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಅರ್ಧ ಲೋಟದಷ್ಟು ನೀರಿನೊಂದಿಗೆ ಮಾತ್ರ ತೆಗೆದುಕೊಂಡು, ಅರ್ಧ ಗಂಟೆ ಬೇರೇನನ್ನೂ ತಿನ್ನದೆ ಕುಡಿಯದೆ ಇರಬೇಕು. ಕಾಫಿಯ ಜೊತೆ ನುಂಗಿದರೆ ಮಾತ್ರೆ ವ್ಯರ್ಥವಾದಂತೆ. ಥೈರಾಯ್ಡ್‌ನ ಮೆಡುಲರಿ ಕ್ಯಾನ್ಸರ್ ತಮಗೋ ಕುಟುಂಬದವರಿಗೋ ಬಂದಿದ್ದರೆ ಈ ಗುಂಪನ್ನು ಬಿಡಬೇಕು. ಮಧುಮೇಹದಿಂದ ಅಕ್ಷಿಪಟಲ ಆಗಲೇ ಹಾಳಾಗಿರುವವರು ಆರಂಭಿಸುವ ಮುನ್ನ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಬೇಕು, ಏಕೆಂದರೆ ಸಕ್ಕರೆ ವೇಗವಾಗಿ ಇಳಿದಾಗ ಆ ತೊಂದರೆ ಕೆಲಕಾಲ ಉಲ್ಬಣಿಸಬಹುದು. ಔಷಧ ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳುತ್ತದೆ ಎಂಬುದನ್ನೂ ಆರಂಭದಲ್ಲೇ ತಿಳಿದಿರುವುದು ಒಳ್ಳೆಯದು.

ಈ ಎರಡು ಗುಂಪುಗಳ ನಡುವೆ ಆರಿಸುವಾಗ ನಾನು ಅನುಸರಿಸುವ ಕ್ರಮ ಸರಳ. ಕಾಲು ಊತ, ಏದುಸಿರು, ಹೃದಯ ವೈಫಲ್ಯದ ಇತಿಹಾಸ ಅಥವಾ ಮೂತ್ರದಲ್ಲಿ ಆಲ್ಬುಮಿನ್ ಇದ್ದರೆ ಎಸ್‌ಜಿಎಲ್‌ಟಿ-2. ಹೃದಯಾಘಾತ, ಪಾರ್ಶ್ವವಾಯು ಆಗಿದ್ದರೆ ಅಥವಾ ಬೊಜ್ಜು ಮುಖ್ಯ ತೊಡಕಾಗಿದ್ದರೆ ಜಿಎಲ್‌ಪಿ-1. ಎರಡೂ ಇದ್ದರೆ ಎರಡನ್ನೂ ಒಂದಾದ ಮೇಲೊಂದು ಸೇರಿಸಬಹುದು. ಇಂಥ ರೋಗಿಗಳಿಗೆ ಎಚ್‌ಬಿಎ1ಸಿ ಗುರಿ ಮುಟ್ಟಿದ್ದರೂ ಇವನ್ನು ಕೊಡುವುದಕ್ಕೆ ಕಾರಣವಿದೆ.

ಸಲ್ಫೊನಿಲ್‌ಯೂರಿಯಾವೋ, ಡಿಪಿಪಿ-4 ಮಾತ್ರೆಯೋ?

ಹೃದಯ ಮತ್ತು ಮೂತ್ರಪಿಂಡ ಚೆನ್ನಾಗಿರುವವರಲ್ಲಿ, ಖರ್ಚನ್ನೂ ನೋಡಬೇಕಾದಾಗ, ನಿತ್ಯದ ಪ್ರಶ್ನೆ ಇದು. ಇನ್ಸುಲಿನ್ ಸ್ರವಿಕೆಯನ್ನು ಹೆಚ್ಚಿಸುವ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಮೊದಲಾದ ಸಲ್ಫೊನಿಲ್‌ಯೂರಿಯಾಗಳು ಅಗ್ಗ, ಬೇಗ ಫಲ ಕೊಡುತ್ತವೆ, 1ರಿಂದ 1.5 ಅಂಶ ಇಳಿಸುತ್ತವೆ. ದೇಹದ ಜಿಎಲ್‌ಪಿ-1 ಹಾರ್ಮೋನ್ ಬೇಗ ನಾಶವಾಗದಂತೆ ತಡೆಯುವ ಸಿಟಾಗ್ಲಿಪ್ಟಿನ್, ಲಿನಾಗ್ಲಿಪ್ಟಿನ್ ಮೊದಲಾದ ಡಿಪಿಪಿ-4 ಮಾತ್ರೆಗಳು ಇಳಿಸುವುದು 0.5ರಿಂದ 0.8 ಅಂಶ. ಆದರೆ ಅವು ತೂಕವನ್ನು ಏರಿಸುವುದಿಲ್ಲ, ಒಂಟಿಯಾಗಿ ಅಥವಾ ಮೆಟ್‌ಫಾರ್ಮಿನ್ ಜೊತೆ ಕೊಟ್ಟಾಗ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುವುದು ಅಪರೂಪ.

ಎರಡನ್ನೂ ನೇರವಾಗಿ ಎದುರುಬದುರು ಇಟ್ಟು ನೋಡಿದ ಅಧ್ಯಯನ 2019ರ ಕ್ಯಾರೊಲಿನಾ. ಸುಮಾರು 6,000 ಮಂದಿಯನ್ನು 6 ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದಾಗ, ಹೃದಯದ ವಿಷಯದಲ್ಲಿ ಲಿನಾಗ್ಲಿಪ್ಟಿನ್‌ಗೂ ಗ್ಲಿಮೆಪಿರೈಡ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ: ಶೇಕಡಾ 11.8 ಮತ್ತು 12. ಸಲ್ಫೊನಿಲ್‌ಯೂರಿಯಾ ಹೃದಯಕ್ಕೆ ಕೆಟ್ಟದ್ದೆಂಬ ಹಳೆಯ ಅನುಮಾನಕ್ಕೆ, ಗ್ಲಿಮೆಪಿರೈಡ್‌ನ ಮಟ್ಟಿಗಾದರೂ, ಇದು ಉತ್ತರ. ಆದರೆ ಸಕ್ಕರೆ ಕುಸಿದ ಘಟನೆ ಒಮ್ಮೆಯಾದರೂ ಆದವರು ಗ್ಲಿಮೆಪಿರೈಡ್ ಗುಂಪಿನಲ್ಲಿ ಶೇಕಡಾ 37.7, ಲಿನಾಗ್ಲಿಪ್ಟಿನ್ ಗುಂಪಿನಲ್ಲಿ 10.6. ಈ ಅಂತರವನ್ನು ಕಾಗದದ ಮೇಲಿನ ಅಂಕಿಯೆಂದು ಭಾವಿಸಬಾರದು. ಒಂಟಿಯಾಗಿರುವ ಎಪ್ಪತ್ತೈದು ವರ್ಷದವರೊಬ್ಬರು ಬೆಳಗ್ಗೆ ಗ್ಲಿಮೆಪಿರೈಡ್ ನುಂಗಿ, ಜ್ವರದಿಂದ ಊಟ ಬೇಡವೆನಿಸಿ ಮಲಗಿದರೆ, ಮಧ್ಯಾಹ್ನದ ಹೊತ್ತಿಗೆ ಬೆವರು, ಕೈನಡುಕ, ಎದೆಬಡಿತ. ಆಮೇಲೆ ಮಾತು ತೊದಲಿಕೆ, ಮಂಪರು. ನೋಡಿದವರು ಪಾರ್ಶ್ವವಾಯು ಎಂದುಕೊಳ್ಳಬಹುದು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ತಕ್ಷಣ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ಕೊಟ್ಟು, 15 ನಿಮಿಷದ ನಂತರ ಮತ್ತೆ ಅಳೆಯಬೇಕು. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ವಯಸ್ಸಾದವರಿಗೆ, ಮೂತ್ರಪಿಂಡ ದುರ್ಬಲವಾದವರಿಗೆ, ವಾಹನ ಚಾಲಕರಿಗೆ, ಎತ್ತರದಲ್ಲಿ ಕೆಲಸ ಮಾಡುವವರಿಗೆ ನಾನು ಡಿಪಿಪಿ-4 ಮಾತ್ರೆಯ ಕಡೆಗೇ ವಾಲುತ್ತೇನೆ. ಸಲ್ಫೊನಿಲ್‌ಯೂರಿಯಾವನ್ನೇ ಕೊಡಬೇಕಾದರೆ ದೀರ್ಘಕಾಲ ಉಳಿಯುವ ಗ್ಲಿಬೆನ್‌ಕ್ಲಮೈಡ್ ಬೇಡ, ಗ್ಲಿಕ್ಲಜೈಡ್ ವಾಸಿ.

ಡಿಪಿಪಿ-4 ಗುಂಪಿನಲ್ಲಿ ಎಲ್ಲವೂ ಸಮಾನವಲ್ಲ. 2013ರ ಸೇವರ್ ಅಧ್ಯಯನದಲ್ಲಿ ಸ್ಯಾಕ್ಸಾಗ್ಲಿಪ್ಟಿನ್ ಪಡೆದವರಲ್ಲಿ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದವರು ಶೇಕಡಾ 3.5, ತೋರಿಕೆಯ ಮಾತ್ರೆ ಪಡೆದವರಲ್ಲಿ 2.8. ಸಿಟಾಗ್ಲಿಪ್ಟಿನ್‌ನ 2015ರ ಅಧ್ಯಯನದಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಲಿನಾಗ್ಲಿಪ್ಟಿನ್‌ಗೆ ಮೂತ್ರಪಿಂಡದ ಸ್ಥಿತಿಗೆ ತಕ್ಕಂತೆ ಪ್ರಮಾಣ ಬದಲಿಸುವ ಅಗತ್ಯವಿಲ್ಲ ಎಂಬುದು ಒಂದು ಅನುಕೂಲ.

ಅಮೆರಿಕದ 5,047 ಮಂದಿಯಲ್ಲಿ ನಡೆದು 2022ರಲ್ಲಿ ಪ್ರಕಟವಾದ ಗ್ರೇಡ್ ಅಧ್ಯಯನವನ್ನು ಇಲ್ಲಿ ಹೇಳಲೇಬೇಕು. ಮೆಟ್‌ಫಾರ್ಮಿನ್ ಜೊತೆಗೆ ಗ್ಲಾರ್ಜಿನ್ ಇನ್ಸುಲಿನ್, ಲಿರಾಗ್ಲುಟೈಡ್, ಗ್ಲಿಮೆಪಿರೈಡ್, ಸಿಟಾಗ್ಲಿಪ್ಟಿನ್ ಇವುಗಳಲ್ಲಿ ಒಂದನ್ನು ಚೀಟಿ ಎತ್ತಿದಂತೆ ಹಂಚಿ ಸರಾಸರಿ 5 ವರ್ಷ ಗಮನಿಸಿದರು. ಎಚ್‌ಬಿಎ1ಸಿಯನ್ನು ಶೇಕಡಾ 7ರ ಕೆಳಗೆ ಉಳಿಸಿಕೊಳ್ಳುವುದರಲ್ಲಿ ಗ್ಲಾರ್ಜಿನ್ ಮತ್ತು ಲಿರಾಗ್ಲುಟೈಡ್ ಸ್ವಲ್ಪ ಮುಂದೆ, ಸಿಟಾಗ್ಲಿಪ್ಟಿನ್ ಕೊನೆಗೆ. ಆದರೆ ನಾಲ್ಕೂ ಗುಂಪುಗಳಲ್ಲಿ ಮೂವರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಆ ಗುರಿಯಿಂದ ಜಾರಿದರು. ಎರಡನೇ ಔಷಧವೂ ಬಹಳ ಮಂದಿಗೆ ಶಾಶ್ವತ ಉತ್ತರವಲ್ಲ, ಇದು ರೋಗಿಯ ಸೋಲೂ ಅಲ್ಲ. ಕಾಯಿಲೆ ಮುಂದುವರಿಯುವ ರೀತಿಯೇ ಹಾಗೆ. ಎಸ್‌ಜಿಎಲ್‌ಟಿ-2 ಗುಂಪು ಈ ಹೋಲಿಕೆಯಲ್ಲಿ ಇರಲಿಲ್ಲ ಎಂಬುದು ಅದರ ದೊಡ್ಡ ಕೊರತೆ.

ಪಯೋಗ್ಲಿಟಜೋನ್ ಮತ್ತು ಇನ್ಸುಲಿನ್

ಪಯೋಗ್ಲಿಟಜೋನ್ ಇನ್ಸುಲಿನ್‌ಗೆ ದೇಹದ ಸ್ಪಂದನೆಯನ್ನು ಸುಧಾರಿಸುತ್ತದೆ, ಅಗ್ಗವಾಗಿದೆ, ಯಕೃತ್ತಿನ ಕೊಬ್ಬಿನ ಕಾಯಿಲೆ ಇರುವ ಕೆಲವರಿಗೆ ಒಳ್ಳೆಯದು. ಆದರೆ ನೀರು ತುಂಬಿಸುತ್ತದೆ, ತೂಕ ಏರಿಸುತ್ತದೆ, ಮೂಳೆ ಮುರಿತದ ಅಪಾಯವನ್ನು ಹೆಚ್ಚಿಸುತ್ತದೆ. ಹೃದಯ ವೈಫಲ್ಯ ಇರುವವರಿಗೂ ಮೂತ್ರಕೋಶದ ಕ್ಯಾನ್ಸರ್ ಇರುವವರಿಗೂ ಇದನ್ನು ಕೊಡಬಾರದು.

ಇನ್ಸುಲಿನ್ ಕೊನೆಯ ಅಸ್ತ್ರವೆಂಬ ಭಯ ಅನೇಕರನ್ನು ಕಾಡುತ್ತದೆ. ತೂಕ ಇಳಿಯುತ್ತಿರುವಾಗ, ಎಚ್‌ಬಿಎ1ಸಿ 10ಕ್ಕಿಂತ ಮೇಲಿರುವಾಗ, ಸಕ್ಕರೆ 300 ದಾಟಿರುವಾಗ ಅಥವಾ ಕೀಟೋನ್ ಕಾಣಿಸಿಕೊಂಡಾಗ ಅದೇ ಮೊದಲ ಆಯ್ಕೆ. ಸ್ಥಿತಿ ಸುಧಾರಿಸಿದ ಮೇಲೆ ಕೆಲವರಲ್ಲಿ ಅದನ್ನು ನಿಲ್ಲಿಸಲೂಬಹುದು. ಗರ್ಭಿಣಿಯರಿಗೆ, ಗರ್ಭ ಧರಿಸಲು ಸಿದ್ಧತೆ ನಡೆಸಿರುವವರಿಗೆ ಇನ್ಸುಲಿನ್ ಮುಖ್ಯ ಆಧಾರ. ಎಸ್‌ಜಿಎಲ್‌ಟಿ-2 ಮತ್ತು ಜಿಎಲ್‌ಪಿ-1 ಔಷಧಗಳನ್ನು ಅವರಲ್ಲಿ ಮುಂಚಿತವಾಗಿಯೇ ನಿಲ್ಲಿಸಬೇಕು. ಸೆಮಾಗ್ಲುಟೈಡ್ ಆದರೆ ಕನಿಷ್ಠ 2 ತಿಂಗಳು ಮೊದಲು. ಇಂಥ ತುರ್ತು ಕಾರಣಗಳಿಲ್ಲದೆ ಚುಚ್ಚುಮದ್ದೇ ಬೇಕಾದ ಹಂತ ಬಂದರೆ, ತೂಕ ಏರದಂತೆಯೂ ಸಕ್ಕರೆ ಕುಸಿಯದಂತೆಯೂ ಕೆಲಸ ಮಾಡುವ ಜಿಎಲ್‌ಪಿ-1 ಔಷಧವನ್ನು ಇನ್ಸುಲಿನ್‌ಗಿಂತ ಮೊದಲು ಪರಿಗಣಿಸುವುದು ಈಗಿನ ಸಮ್ಮತ ಕ್ರಮ.

ಆರಿಸಿದ ಬಳಿಕ

ಹೊಸ ಔಷಧ ಆರಂಭಿಸಿ 3 ತಿಂಗಳಿಗೆ ಎಚ್‌ಬಿಎ1ಸಿ ನೋಡಬೇಕು, ಏಕೆಂದರೆ ಆ ಪರೀಕ್ಷೆ ತೋರಿಸುವುದು ಸುಮಾರು ಅಷ್ಟೇ ಅವಧಿಯ ಸರಾಸರಿಯನ್ನು. ಜೊತೆಗೆ ವರ್ಷಕ್ಕೊಮ್ಮೆಯಾದರೂ ಇಜಿಎಫ್‌ಆರ್ ಮತ್ತು ಮೂತ್ರದ ಆಲ್ಬುಮಿನ್ ಅಳೆಸಬೇಕು. ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದರೆ ಮೆಟ್‌ಫಾರ್ಮಿನ್ ನಿಲ್ಲಿಸಬೇಕು. ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ನುಂಗಿದವರಿಗೆ ಪಾದ ಜುಮುಗುಟ್ಟುತ್ತಿದ್ದರೆ, ಅದು ಮಧುಮೇಹದ ನರದೌರ್ಬಲ್ಯವೆಂದು ಸುಮ್ಮನಾಗುವ ಮೊದಲು ವಿಟಮಿನ್ ಬಿ12 ಪರೀಕ್ಷೆ ಮಾಡಿಸಬೇಕು. ಡಿಪಿಪಿ-4 ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಜಿಎಲ್‌ಪಿ-1 ಔಷಧ ಸೇರಿಸಿದರೆ ಮೊದಲಿನದನ್ನು ನಿಲ್ಲಿಸಬೇಕು, ಎರಡೂ ಒಂದೇ ದಾರಿಯಲ್ಲಿ ಕೆಲಸ ಮಾಡುವುದರಿಂದ ಒಟ್ಟಿಗೆ ಕೊಟ್ಟು ಲಾಭವಿಲ್ಲ. ಸಲ್ಫೊನಿಲ್‌ಯೂರಿಯಾ ಅಥವಾ ಇನ್ಸುಲಿನ್ ಪಡೆಯುತ್ತಿರುವವರಿಗೆ ಎಸ್‌ಜಿಎಲ್‌ಟಿ-2 ಅಥವಾ ಜಿಎಲ್‌ಪಿ-1 ಸೇರಿಸುವಾಗ, ಸಕ್ಕರೆ ಆಗಲೇ ಗುರಿಯ ಹತ್ತಿರವಿದ್ದರೆ, ಹಳೆಯದರ ಪ್ರಮಾಣವನ್ನು ಅದೇ ದಿನ ತಗ್ಗಿಸಿ ಬರೆಸಿಕೊಂಡೇ ಮನೆಗೆ ಹೋಗಬೇಕು. ಸಕ್ಕರೆ ಕುಸಿಯುವ ಅಪಾಯ ಹೆಚ್ಚಿರುವುದು ಆ ಬದಲಾವಣೆಯ ಮೊದಲ ವಾರಗಳಲ್ಲೇ.